ಕೈ ಮುಗಿಯುವ ಜಾಗದಲ್ಲೇ ಬಟನ್ ಒತ್ತಿ

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಚ್ಚಿಕೊಂಡು ಕೂತವರು ಯಾರು ಅಂತ ನನಗೆ ಒಂದು ಅಂದಾಜಿದೆ. ಅಂಕೋಲೆಯಲ್ಲೋ ಕುಮಟೆಯಲ್ಲೋ ಗ್ಯಾರೇಜಿನ ಶಟರ್ ಎತ್ತಿ ಕೂತವರು. ಬೈತಖೋಲದಲ್ಲಿ ಮೀನಿನ ಲೋಡಿಗೆ ಕಾಯುವ ಪಿಕಪ್ ಡ್ರೈವರುಗಳು. ಭಟ್ಕಳ, ಹೊನ್ನಾವರ ಕಡೆ ಗಲ್ಫ್ ವೀಸಾ ಬರಲಿ ಅಂತ ದಿನ ಎಣಿಸುವ ಹುಡುಗರು. ನನ್ನ ಮಾತು ನಿಮಗೇ. ನಾನು ಇಪ್ಪತ್ತೆರಡು ವರ್ಷ ಹುಡುಗರಿಗೆ ಗಾಡಿ ರಿಪೇರಿ ಕಲಿಸಿದವನು. ಕಲಿಸುವವರಿಗೆ ಒಂದು ಚಟ ಇರುತ್ತದೆ, ಒಂದೇ ಮಾತನ್ನು ಹತ್ತು ಸಲ ಹೇಳುವುದು. ಇವತ್ತೂ ಅದೇ ಆಗುತ್ತದೆ, ಸಹಿಸಿಕೊಳ್ಳಿ.

ಆ ಮಾತು ಇಷ್ಟೇ. ಟ್ರೇಲರ್ ಎಳೆಯುವಾಗ ಟೋ ಮೋಡ್ ಬಟನ್ನನ್ನು ಘಟ್ಟದ ನೆತ್ತಿಯಲ್ಲೇ ಒತ್ತಬೇಕು. ಅರ್ಧ ಇಳಿದ ಮೇಲಲ್ಲ. ಗಾಡಿ ಕೈ ಮೀರಿ ಓಡಲು ಹಿಡಿದ ಮೇಲಂತೂ ಅಲ್ಲವೇ ಅಲ್ಲ.

ಟೋ ಮೋಡ್ ಅಂದರೆ ಎಂತದು? ಗಲ್ಫಿನಲ್ಲಿ ದೊಡ್ಡ ಅಮೆರಿಕನ್ ಪಿಕಪ್ ಓಡಿಸಿದವರಿಗೆ ಗೊತ್ತು. ಗೇರ್ ಲಿವರಿನ ತುದಿಯಲ್ಲೋ ಡ್ಯಾಶ್‌ಬೋರ್ಡಿನಲ್ಲೋ ಒಂದು ಸಣ್ಣ ಬಟನ್, ಕೆಲವದರ ಮೇಲೆ ಟ್ರೇಲರ್ ಎಳೆಯುವ ಲಾರಿಯ ಚಿತ್ರವೂ ಇರುತ್ತದೆ. ಅದನ್ನು ಒತ್ತಿದರೆ ಗಾಡಿಗೆ ಶಕ್ತಿ ಜಾಸ್ತಿ ಆಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ ಮಾರಾಯರೇ. ಎಂಜಿನ್ನಿಗೆ ಒಂದೇ ಒಂದು ಹಾರ್ಸ್‌ಪವರ್ ಕೂಡ ಜಾಸ್ತಿ ಆಗುವುದಿಲ್ಲ. ಎರಡು ಟನ್ ಎಳೆಯುವ ಗಾಡಿ ಬಟನ್ ಒತ್ತಿದ್ದಕ್ಕೆ ಮೂರು ಟನ್ ಎಳೆಯುವುದೂ ಇಲ್ಲ. ಬದಲಾಗುವುದು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಬುದ್ಧಿ ಮಾತ್ರ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಸ್ವಭಾವತಃ ಇಂಧನ ಉಳಿಸುವ ಆಸೆ. ಬೇಗ ಬೇಗ ಮೇಲಿನ ಗೇರಿಗೆ ಹೋಗಿ ಕೂರುತ್ತದೆ. ಹಿಂದೆ ಭಾರ ಕಟ್ಟಿ ಏರು ಹತ್ತಿಸಿದಿರೋ, ಐದನೇ ಗೇರಿಗೆ ಹೋಗುತ್ತದೆ, ಎಳೆಯಲು ಆಗುವುದಿಲ್ಲ, ನಾಲ್ಕಕ್ಕೆ ಬರುತ್ತದೆ, ಸ್ವಲ್ಪ ಸಲೀಸಾದ ಕೂಡಲೇ ಮತ್ತೆ ಐದು, ಮತ್ತೆ ನಾಲ್ಕು. ಅಕ್ಕಿ ಮೂಟೆ ಹೊತ್ತವನು ಹತ್ತು ಹೆಜ್ಜೆಗೊಮ್ಮೆ ಹೆಗಲು ಬದಲಿಸಿದ ಹಾಗೆ. ಪ್ರತಿ ಸಲ ಬದಲಿಸುವಾಗಲೂ ಗೇರ್‌ಬಾಕ್ಸಿನ ಎಣ್ಣೆ ಕಾಯುತ್ತದೆ. ಎಣ್ಣೆ ಕಾದು ಕಾದು ಕರ್ರಗಾಯಿತೋ, ಗೇರ್‌ಬಾಕ್ಸಿನ ಆಯುಸ್ಸೂ ಮುಗಿಯುತ್ತಾ ಬಂತು ಅಂತಲೇ ಲೆಕ್ಕ. ಟೋ ಮೋಡ್ ಹಾಕಿದರೆ ಕೆಳಗಿನ ಗೇರನ್ನೇ ಗಟ್ಟಿ ಹಿಡಿದುಕೊಂಡು ಹತ್ತುತ್ತದೆ. ಎಂಜಿನ್ ಸ್ವಲ್ಪ ಜೋರಾಗಿ ಕೂಗುತ್ತದೆ. ಕೂಗಲಿ ಬಿಡಿ.

ಏರಿನ ಮಾತು ಇಷ್ಟು ಸಾಕು. ಏರಿನಲ್ಲಿ ತಪ್ಪು ಮಾಡಿದರೆ ದುಡ್ಡು ಹೋಗುತ್ತದೆ. ಇಳುಕಲಿನಲ್ಲಿ ತಪ್ಪು ಮಾಡಿದರೆ?

ಒಂದು ಲೆಕ್ಕ ಹೇಳುತ್ತೇನೆ, ನನ್ನ ವಿದ್ಯಾರ್ಥಿಗಳಿಗೆ ಬಾಯಿಪಾಠ ಇದು. ಪಿಕಪ್, ಟ್ರೇಲರ್, ಹೊರೆ ಎಲ್ಲ ಸೇರಿ 3 ಟನ್ ಅನ್ನಿ. ಘಟ್ಟದ ಮೇಲಿನಿಂದ ಕೆಳಗೆ 500 ಮೀಟರ್ ಇಳಿತ ಅನ್ನಿ. ಆ ಭಾರ ಅಷ್ಟು ಕೆಳಗೆ ಬರುವಾಗ ಬಿಡುವ ಶಕ್ತಿಯಲ್ಲಿ 50 ಲೀಟರ್ ತಣ್ಣೀರನ್ನು ಕುದಿಸಬಹುದು. ಬಚ್ಚಲಿನ ಹಂಡೆ ನೆನಪು ಮಾಡಿಕೊಳ್ಳಿ. ಗಾಳಿ ಸ್ವಲ್ಪ ತಿನ್ನುತ್ತದೆ, ಟಯರು ಸ್ವಲ್ಪ ತಿನ್ನುತ್ತದೆ. ಉಳಿದದ್ದು ಎಲ್ಲಿಗೆ ಹೋಗಬೇಕು? ನೀವು ಬ್ರೇಕ್ ಒಂದನ್ನೇ ಒತ್ತುತ್ತಾ ಬಂದರೆ ಅಷ್ಟೂ ಬಿಸಿ ನಾಲ್ಕು ಗಾಲಿಯ ಬ್ರೇಕಿಗೆ ಹೋಗುತ್ತದೆ. ಬ್ರೇಕ್ ಎಣ್ಣೆ ಕುದಿಯುತ್ತದೆ, ಪೈಪಿನಲ್ಲಿ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗೆ ಕೆಳಗೆ ಹೋಗಿಬಿಡುತ್ತದೆ. ಆಮೇಲೆ ಒತ್ತಿದ್ದೇ ಬಂತು.

ಕೆಳಗಿನ ಗೇರಿನಲ್ಲಿ ಇದ್ದರೆ ಗಾಡಿಯನ್ನು ಎಂಜಿನ್ನೇ ಹಿಡಿದಿರುತ್ತದೆ. ಟೋ ಮೋಡ್ ಮಾಡುವ ದೊಡ್ಡ ಉಪಕಾರ ಇದು. ಇಳುಕಲಿನಲ್ಲಿ ನೀವು ಬ್ರೇಕನ್ನು ಸುಮ್ನೆ ಮುಟ್ಟಿದರೂ ಸಾಕು, ಅದು ಗೇರ್ ಇಳಿಸಿ ಎಂಜಿನ್ನಿಗೆ ಕೆಲಸ ಕೊಡುತ್ತದೆ.

ಇದಕ್ಕೊಂದು ಕಥೆ ಇದೆ. ಕಥೆ ಅಲ್ಲ, ನಾನೇ ಪಕ್ಕದ ಸೀಟಿನಲ್ಲಿ ಕೂತು ಅನುಭವಿಸಿದ್ದು.

ನನ್ನ ಸೋದರಮಾವನ ಮಗ, ನಾವಿಬ್ಬರೂ ಒಬ್ಬರಿಗೊಬ್ಬರು ಭಾವ ಅಂತಲೇ ಕರೆಯುವುದು. ಮಸ್ಕತ್ತಿನಲ್ಲಿ ಒಂಬತ್ತು ವರ್ಷ ಬೋಟ್ ಟ್ರೇಲರ್ ಎಳೆದವನು. ಒಳ್ಳೆ ಡ್ರೈವರ್. ರಜೆಗೆ ಬಂದಾಗ ಶಿರಸಿಯಿಂದ ಹೊನ್ನಾವರ ಕಡೆಯ ತೋಟವೊಂದಕ್ಕೆ ಅಡಿಕೆ ಸುಲಿಯುವ ಯಂತ್ರ ಒಯ್ಯಬೇಕಾಯಿತು. ಯಂತ್ರ ಟ್ರೇಲರ್ ಮೇಲೆ, ಟ್ರೇಲರಿಗೆ ಬ್ರೇಕಿಲ್ಲ. ಎಳೆಯುವುದು ನಮ್ಮ ಊರಿನ ಹಳೇ ಪಿಕಪ್, ಕೈಯಲ್ಲಿ ಹಾಕುವ ಗೇರು. ರಸ್ತೆ ಅಗಲ ಮಾಡುವ ಮೊದಲಿನ ದೇವಿಮನೆ ಘಟ್ಟ.

ದೇವಿಮನೆ ದೇವಸ್ಥಾನದ ಎದುರು ಗಾಡಿ ನಿಲ್ಲಿಸಿದೆವು. ಎಲ್ಲರೂ ನಿಲ್ಲಿಸುತ್ತಾರಲ್ವಾ. ಕೈ ಮುಗಿದು, ಕಾಣಿಕೆ ಹಾಕಿ, ಮತ್ತೆ ಹೊರಟೆವು. ಭಾವ ನಾಲ್ಕನೇ ಗೇರಿಗೆ ಹಾಕಿ ಆರಾಮಾಗಿ ಕೂತ. ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು. ಒಂಬತ್ತು ವರ್ಷ ವಿದೇಶದಲ್ಲಿ ಓಡಿಸಿದವನಿಗೆ ನಾನೇನು ಹೇಳುವುದು ಅಂತ ಸುಮ್ಮನಿದ್ದೆ.

ಮೊದಲ ತಿರುವು. ಬ್ರೇಕ್ ಮುಟ್ಟಿದ, ಬಿಟ್ಟ. ಎರಡನೇದು, ಮುಟ್ಟಿದ, ಬಿಟ್ಟ. ಐದಾರು ತಿರುವು ಹೀಗೇ. ಪ್ರತಿ ಸಲ ಬ್ರೇಕ್ ಮುಟ್ಟಿ ಒಂದು ಕ್ಷಣ ತಲೆ ಓರೆ ಮಾಡುತ್ತಿದ್ದ, ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುವವನ ಹಾಗೆ. ನನಗೆ ಅರ್ಥ ಆಗಲಿಲ್ಲ. ಅಷ್ಟರಲ್ಲಿ ವಾಸನೆ ಬಂತು. ಸುಟ್ಟ ವಾಸನೆ. ಸುಗ್ಗಿಯ ಕಾಲ, ಯಾರೋ ತೋಟದಲ್ಲಿ ಅಡಿಕೆ ಸಿಪ್ಪೆಗೆ ಬೆಂಕಿ ಕೊಟ್ಟಿದ್ದಾರೆ ಅಂದುಕೊಂಡೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದವನ ಮೂಗು ನೋಡಿ! ಆ ಕಾಡಿನ ನಡುವೆ ಎಲ್ಲಿಯ ತೋಟ, ಎಲ್ಲಿಯ ಸಿಪ್ಪೆ?

ಮುಂದಿನ ತಿರುವಿನಲ್ಲಿ ಭಾವನ ಕಾಲು ಪೆಡಲನ್ನು ಎರಡೆರಡು ಸಲ ಒತ್ತಿತು. ಮುಖ ಬಿಳಿಚಿತು. "ಭಾವ, ಗೇರ್ ಇಳೀತಾ ಇಲ್ಲ" ಅಂದ.

"ನೀನು ಇಳಿಸಿದರಲ್ಲವಾ ಇಳಿಯುವುದು!" ಅಂತ ಕೂಗಿದೆ.

ಆಗ ಹೊಳೆಯಿತು. ಅವನ ಕಾಲಿಗೆ ಮಸ್ಕತ್ತಿನ ಗಾಡಿಯ ಅಭ್ಯಾಸ. ಅಲ್ಲಿ ಬ್ರೇಕ್ ಮುಟ್ಟಿದರೆ ಟೋ ಮೋಡ್ ತಾನೇ ಗೇರ್ ಇಳಿಸುತ್ತದೆ, ಎಂಜಿನ್ ಗುಂಯ್ ಅನ್ನುತ್ತದೆ. ಆ ಗುಂಯ್ ಶಬ್ದಕ್ಕೇ ಪಾಪ ಅವನು ತಲೆ ಓರೆ ಮಾಡಿ ಕಾಯುತ್ತಿದ್ದದ್ದು! ನಮ್ಮ ಹಳೇ ಪಿಕಪ್ಪಿಗೆ ಆ ವಿದ್ಯೆ ಎಲ್ಲಿಂದ ಬರಬೇಕು? ಕ್ಲಚ್ ಒತ್ತಿ ಮೂರಕ್ಕೆ ತಂದ, ಗಾಡಿ ಒಮ್ಮೆ ಜಗ್ಗಿತು, ಆಮೇಲೆ ಎರಡಕ್ಕೆ. ಗುಡ್ಡದ ಬದಿ ಸ್ವಲ್ಪ ಅಗಲ ಜಾಗ ಸಿಕ್ಕಿತು, ನಿಲ್ಲಿಸಿದೆವು. ನಾನು ಜಿಗಿದು ಗಾಲಿಗೆ ಕಲ್ಲು ಕೊಟ್ಟೆ. ಗಾಲಿಯ ಹತ್ತಿರ ಕೈ ಒಯ್ದರೆ ದೋಸೆ ಕಾವಲಿಯ ಕಾವು. ಭಾವ ನೀರಿನ ಬಾಟಲಿ ತಂದ, ನಾನು ಕಸಿದುಕೊಂಡೆ. ಕಾದ ಡ್ರಮ್ಮಿನ ಮೇಲೆ ನೀರು ಹೊಯ್ದರೆ ಅದು ಬಿರಿಯಬಹುದು, ನೆನಪಿಡಿ. ತಾನಾಗಿ ಆರಬೇಕು. ಮುಕ್ಕಾಲು ಗಂಟೆ ಕೂತೆವು, ಒಂದು ಮಾತಿಲ್ಲ. ಮತ್ತೆ ಎರಡನೇ ಗೇರಿನಲ್ಲಿ ನಿಧಾನವಾಗಿ ಇಳಿದು ಕತಗಾಲ ಮುಟ್ಟಿ ಚಾ ಕುಡಿದೆವು. ಅಲ್ಲಿಯವರೆಗೆ ಅವನ ಕೈ ಗೇರ್ ಲಿವರ್ ಬಿಟ್ಟಿರಲಿಲ್ಲ.

ನೋಡಿ, ಮಾತಾಡುತ್ತಾ ಸಮಯ ಹೋಯಿತು, ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ದೇವಿಮನೆಯಲ್ಲಿ ಕೈ ಮುಗಿಯುತ್ತೀರಲ್ಲ, ಬಟನ್ ಇದ್ದವರು ಅಲ್ಲೇ ಒತ್ತಿ. ಬಟನ್ ಇಲ್ಲದವರಿಗೆ, ನಮ್ಮೂರಿನ ಮುಕ್ಕಾಲು ಪಿಕಪ್ಪಿಗೆ ಇಲ್ಲವೇ ಇಲ್ಲ, ನಿಮ್ಮ ಕೈಯೇ ಟೋ ಮೋಡ್. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಆ ಗೇರನ್ನು ನೆತ್ತಿಯಲ್ಲೇ ಹಾಕಿಕೊಳ್ಳಿ. ಹೆದ್ದಾರಿ 52ರ ಅರಬೈಲಿಗೂ ಇದೇ, ಅಣಶಿಗೂ ಇದೇ, ಗೇರುಸೊಪ್ಪೆಗೂ ಇದೇ. ಲಾರಿಯವರು ಎಕ್ಸಾಸ್ಟ್ ಬ್ರೇಕನ್ನೂ, ಅಂದರೆ ಹೊಗೆ ತಡೆದು ಎಂಜಿನ್ನಿನಿಂದಲೇ ಗಾಡಿ ಹಿಡಿಯುವ ಬ್ರೇಕನ್ನೂ, ಅಲ್ಲೇ ಹಾಕಿಕೊಳ್ಳಿ.

ನ್ಯೂಟ್ರಲ್ ಮಾಡಿ ಇಳಿದರೆ ಡೀಸೆಲ್ ಉಳಿಯುತ್ತದೆ ಅನ್ನುವವರಿಗೆ ಒಂದು ಮಾತು, ಸ್ವಲ್ಪ ಸಿಟ್ಟಿನಿಂದಲೇ. ಈಗಿನ ಎಂಜಿನ್ನು ಗೇರಿನಲ್ಲಿದ್ದು ನೀವು ಆಕ್ಸಲರೇಟರ್ ಬಿಟ್ಟರೆ ಡೀಸೆಲ್ಲನ್ನು ತಾನೇ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಐಡ್ಲಿಂಗಿಗೆ ಕುಡಿಯುತ್ತದೆ. ನೀವು ಉಳಿಸುವುದು ಸೊನ್ನೆ!

ಟೋ ಮೋಡ್ ಯಾವಾಗ ಬೇಡ? ಖಾಲಿ ಗಾಡಿಗೆ ಬೇಡ. ಸಪಾಟಾದ ಹೆದ್ದಾರಿ 66ರಲ್ಲಿ ಹಗುರ ಟ್ರೇಲರ್ ಇದ್ದರೆ ಬೇಡ, ಸುಮ್ನೆ ಇಂಧನ ದಂಡ. ಮಳೆಗಾಲದಲ್ಲಿ ಕೆಂಪು ರಾಡಿ ರಸ್ತೆಗೆ ಬಂದಿದ್ದರೆ ಜೋಪಾನ. ಗೇರ್ ತಟಕ್ಕನೆ ಇಳಿದರೆ ಹಿಂದಿನ ಗಾಲಿ ಜಾರಬಹುದು, ಅಲ್ಲಿ ವೇಗ ಮೊದಲೇ ಕಡಿಮೆ ಮಾಡಿ.

ಟ್ರೇಲರಿನಲ್ಲಿ ಭಾರ ಇಡುವುದು ಹೇಗೆ ಅನ್ನುವುದೇ ಒಂದು ದೊಡ್ಡ ಪಾಠ, ಇವತ್ತು ಆಗಲಿಲ್ಲ. ಟ್ರೇಲರ್ ಮತ್ತು ಅದರ ಹೊರೆ ಸೇರಿದ ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಕ್ಕೆಯ ಮೇಲೆ ಕೂರಬೇಕು. ಭಾರವೆಲ್ಲ ಹಿಂದೆ ಹಾಕಿದರೆ ಟ್ರೇಲರ್ ಬಾಲ ಆಡಿಸುತ್ತದೆ. ಸರಪಳಿ ಹಾಕಿ. ಹಿಂದಿನ ದೀಪ ಉರಿಯುತ್ತದಾ ನೋಡಿ.

ಭಾವ ಈಗ ಮತ್ತೆ ಮಸ್ಕತ್ತಿನಲ್ಲೇ ಇದ್ದಾನೆ. ಹೋದ ತಿಂಗಳು ಫೋನ್ ಮಾಡಿದಾಗ ಕೇಳಿದೆ, ಅಲ್ಲಿ ಟೋ ಮೋಡ್ ಇರುವಾಗ ಗೇರ್ ಲಿವರಿಗೆ ಕೈ ಹಾಕುತ್ತೀಯಾ ಅಂತ. "ಇಳುಕಲು ಬಂದರೆ ಕೈ ತಾನೇ ಹೋಗ್ತದೆ ಭಾವ" ಅಂದ.

ನಮಸ್ಕಾರ.