ಹಸು, ಹಂದಿ, ಕುರಿ: ಎಲ್‌ಪಿ ಕವರುಗಳ ಕಥೆ

ನಮಸ್ಕಾರ. ಚಿತ್ರಗಳ ಬಗ್ಗೆ ರೇಡಿಯೋದಲ್ಲಿ ಮಾತಾಡುವುದು ಸ್ವಲ್ಪ ಪೇಚಿನ ಕೆಲಸ. ನಾನು ಹೇಳುತ್ತಾ ಹೋಗುತ್ತೇನೆ, ನೀವು ಕಣ್ಣ ಮುಂದೆ ತಂದುಕೊಳ್ಳಿ.

ಮೊದಲು ಒಂದು ಹಸು. ಹುಲ್ಲುಗಾವಲಿನಲ್ಲಿ ನಮಗೆ ಬೆನ್ನು ಹಾಕಿ ನಿಂತಿದೆ. ಯಾರೋ ಕರೆದರು ಅನ್ನುವ ಹಾಗೆ ಕತ್ತು ಹೊರಳಿಸಿ ನಮ್ಮನ್ನೇ ನೋಡುತ್ತಿದೆ. ಕಪ್ಪು ಬಿಳುಪು ಮೈ. ನಮ್ಮಲ್ಲಿ ಡೇರಿಗೆ ಹಾಲು ಹಾಕುವವರು ಎಚ್‌ಎಫ್ ಅನ್ನುತ್ತಾರಲ್ಲ, ಅದೇ ಜಾತಿ. ಅಷ್ಟೇ ಚಿತ್ರ. 1970ರಲ್ಲಿ ಇಂಗ್ಲೆಂಡಿನ ರಾಕ್ ಸಂಗೀತ ತಂಡ ಪಿಂಕ್ ಫ್ಲಾಯ್ಡ್ ಹೊರತಂದ ‘ಆಟಂ ಹಾರ್ಟ್ ಮದರ್’ ಎಲ್‌ಪಿಯ, ಅಂದರೆ ಹಾಡುಗಳ ದೊಡ್ಡ ಗ್ರಾಮಫೋನ್ ತಟ್ಟೆಯ, ಕವರ್ ಇದು. ಮುಂದುಗಡೆ ತಂಡದ ಹೆಸರೂ ಇಲ್ಲ, ಆಲ್ಬಂ ಹೆಸರೂ ಇಲ್ಲ. ಹಾಡುಗಳಿಗೂ ಹಸುವಿಗೂ ಏನು ಸಂಬಂಧ ಅಂತ ಕೇಳಬೇಡಿ. ಏನೂ ಇಲ್ಲ.

ಕವರ್ ಅನ್ನುವುದು ಹುಟ್ಟಿದ್ದೇ ಮಾಲು ಮಾರುವುದಕ್ಕೆ. ಅಮೆರಿಕದಲ್ಲಿ 1940ರವರೆಗೂ ರೆಕಾರ್ಡುಗಳು ಬಹುಪಾಲು ಸಾದಾ ರಟ್ಟಿನಲ್ಲೇ ಬರುತ್ತಿದ್ದವು. ಕೊಲಂಬಿಯಾ ಎಂಬ ರೆಕಾರ್ಡ್ ಕಂಪನಿಗೆ ಸೇರಿದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಹುಡುಗ, ಇದರ ಮೇಲೊಂದು ಚಿತ್ರ ಹಾಕೋಣ ಅಂದ. ಆಗ ಅವನಿಗೆ 23 ವರ್ಷ. ಮಾರಾಟ ಏರಿತು. ಆಮೇಲೆ ಹಾಡುವವರ ಮುಖ ಹಾಕುವುದು ರೂಢಿಯಾಯಿತು. ನಮ್ಮ ಸಿನಿಮಾ ಹಾಡುಗಳ ರೆಕಾರ್ಡುಗಳಲ್ಲೂ ಹೆಚ್ಚಾಗಿ ನಾಯಕ, ನಾಯಕಿಯೇ ಅಲ್ವಾ?

ಆ ರೂಢಿ ಮುರಿದವರಲ್ಲಿ ಲಂಡನ್ನಿನ ಇಬ್ಬರು ಗೆಳೆಯರು ಮುಖ್ಯರು. ಸ್ಟಾರ್ಮ್ ಥಾರ್ಗರ್ಸನ್ ಮತ್ತು ಆಬ್ರಿ ಪೊವೆಲ್. 1968ರಲ್ಲಿ ಇಬ್ಬರೂ ಸೇರಿ ‘ಹಿಪ್ನೋಸಿಸ್’ ಅಂತ ಸಂಸ್ಥೆ ಕಟ್ಟಿದರು. ತೀರಾ ಮಾಮೂಲಿಯಾದ ಚಿತ್ರ ಬೇಕು ಅಂತ ಪಿಂಕ್ ಫ್ಲಾಯ್ಡ್ ಕೇಳಿದಾಗ ಸ್ಟಾರ್ಮ್ ಊರಾಚೆ ಪಾಟರ್ಸ್ ಬಾರ್ ಕಡೆಗೆ ಕಾರು ಓಡಿಸಿದ. ಮೊದಲು ಕಂಡ ಹಸುವಿನ ಫೋಟೋ ತೆಗೆದ. ಹಸುವಿನ ಹೆಸರು ಲುಲುಬೆಲ್, ಅದೂ ಮೂರನೆಯ ಲುಲುಬೆಲ್. ರೆಕಾರ್ಡ್ ಕಂಪನಿಯವರಿಗೆ ಇದು ಹಿಡಿಸಲಿಲ್ಲ. ಆದರೆ ಆ ಎಲ್‌ಪಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಹಸು ಸುಲಭಕ್ಕೆ ಸಿಕ್ಕಿತು. ಹಂದಿ ಹಾಗಲ್ಲ.

1976ರ ಡಿಸೆಂಬರ್. ಪಿಂಕ್ ಫ್ಲಾಯ್ಡ್‌ನ ‘ಅನಿಮಲ್ಸ್’ ಎಂಬ ಎಲ್‌ಪಿಗೆ ಕವರ್ ಬೇಕು. ಥೇಮ್ಸ್ ನದಿ ದಂಡೆಯ ಬ್ಯಾಟರ್‌ಸೀ ವಿದ್ಯುತ್ ಕೇಂದ್ರದ ಹೊಗೆ ಕೊಳವೆಗಳ ನಡುವೆ ಹಂದಿ ಹಾರಬೇಕು ಅಂತ ತಂಡದ ರೋಜರ್ ವಾಟರ್ಸ್ ಹೇಳಿದ. ಸುಮಾರು 40 ಅಡಿ ಉದ್ದದ ಬಲೂನು ಹಂದಿ ತಯಾರಾಯಿತು. ಹಗ್ಗ ಬಿಚ್ಚಿಕೊಂಡರೆ ಗುಂಡು ಹೊಡೆದು ಬೀಳಿಸಲು ಒಬ್ಬ ಬಂದೂಕುಧಾರಿಯನ್ನೂ ಗೊತ್ತುಮಾಡಿದ್ದರು. ಮೊದಲ ದಿನ ಅವನು ಬಂದ, ಹಂದಿ ಮೇಲೇಳಲಿಲ್ಲ. ಎರಡನೇ ದಿನ ಹಂದಿ ಎದ್ದಿತು, ಅವನಿಲ್ಲ. ಬಾ ಅಂತ ಯಾರೂ ಹೇಳಿರಲೇ ಇಲ್ಲ! ಹಗ್ಗ ಕಿತ್ತುಹೋಯಿತು. ಹಂದಿ ಹೀಥ್ರೂ ವಿಮಾನ ನಿಲ್ದಾಣದ ವಿಮಾನಗಳ ದಾರಿಯತ್ತ ಹಾರಿತು. ವಿಮಾನ ಸಂಚಾರಕ್ಕೆ ಅಡ್ಡಿಯಾಯಿತು. ಕೊನೆಗೆ ಅದು ಬಿದ್ದದ್ದು ಕೆಂಟ್ ಪ್ರಾಂತ್ಯದ ಒಂದು ಹೊಲದಲ್ಲಿ. ಹಸುಗಳೆಲ್ಲ ಹೆದರಿಬಿಟ್ಟಿವೆ ಅಂತ ರೈತ ರೇಗಿದ.

ಮೂರನೇ ದಿನ ಮತ್ತೆ ಹಾರಿಸಿದರು. ಹಂದಿ ಮಾತು ಕೇಳಿತು, ಆದರೆ ಆಕಾಶ ಸಪ್ಪೆ. ಕೊನೆಗೆ ಮಾಡಿದ್ದೇನು ಗೊತ್ತಾ? ಮೋಡ ಚೆನ್ನಾಗಿದ್ದ ಮೊದಲ ದಿನದ ಫೋಟೋ ಮೇಲೆ ಮೂರನೇ ದಿನದ ಹಂದಿಯನ್ನು ಕೂರಿಸಿದರು. ಈ ಕೆಲಸ ಮೊದಲೇ ಮಾಡಬಹುದಿತ್ತಲ್ಲ ಅಂತ ನಿಮಗನ್ನಿಸಬಹುದು. ನನಗೂ ಅನ್ನಿಸುತ್ತದೆ. ಆದರೆ ಸ್ಟಾರ್ಮ್‌ನ ಹಟ ಬೇರೆ. ಚಿತ್ರ ಎಷ್ಟೇ ವಿಚಿತ್ರವಾಗಿರಲಿ, ಅದನ್ನು ನಿಜವಾಗಿ ನಡೆಸಬೇಕು, ಆಮೇಲೆ ಕ್ಯಾಮೆರಾ.

ಇದೇ ತಂಡದ 1975ರ ‘ವಿಶ್ ಯೂ ವರ್ ಹಿಯರ್’ ನೋಡಿ. ಕೋಟು ಹಾಕಿದ ಇಬ್ಬರು ಕೈ ಕುಲುಕುತ್ತಿದ್ದಾರೆ, ಒಬ್ಬನ ಮೈಗೆ ಬೆಂಕಿ ಹತ್ತಿದೆ. ಅದು ನಿಜವಾದ ಬೆಂಕಿ. ಸ್ಟಂಟ್ ಕಲಾವಿದ ರೋನಿ ರೊಂಡೆಲ್ ಒಳಗೆ ಬೆಂಕಿ ತಡೆಯುವ ಉಡುಪು ತೊಟ್ಟಿದ್ದ. ಗಾಳಿ ತಿರುಗಿ ಮೀಸೆ ಸುಟ್ಟಿತು. ಇಷ್ಟೆಲ್ಲ ಮಾಡಿ, ಆ ಕವರನ್ನು ಕಪ್ಪು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಅಂಗಡಿಗೆ ಕಳಿಸಿದರು!

1987ರ ಹೊತ್ತಿಗೆ ಹಿಪ್ನೋಸಿಸ್ ಮುಚ್ಚಿತ್ತು, ಸ್ಟಾರ್ಮ್‌ನ ಹಟ ಮಾತ್ರ ಹಾಗೇ ಇತ್ತು. ಪಿಂಕ್ ಫ್ಲಾಯ್ಡ್‌ನ ‘ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್’ ಕವರಿಗೆ ಡೆವನ್‌ನ ಸಾಂಟನ್ ಸ್ಯಾಂಡ್ಸ್ ಕಡಲತೀರದಲ್ಲಿ 700 ಆಸ್ಪತ್ರೆ ಮಂಚಗಳನ್ನು ಸಾಲಾಗಿ ಇಡಿಸಿದ. ಹಾಸಿಗೆ, ಹೊದಿಕೆ ಸಮೇತ. ಮಳೆ ಬಂತು. ಎಲ್ಲವನ್ನೂ ಎತ್ತಿಸಿ, ಇನ್ನೊಂದು ದಿನ ಮತ್ತೆ ಜೋಡಿಸಿದರು. ನನಗೆ ಈ ಚಿತ್ರ ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ. ನೋಡಿದ ಕೂಡಲೇ ಮಂಚ ಹೊತ್ತವರ ಸೊಂಟದ ನೆನಪಾಗುತ್ತದೆ.

ನನಗೆ ತುಂಬ ಇಷ್ಟವಾದದ್ದು 1980ರ ಒಂದು ಕುರಿ, ಹಿಪ್ನೋಸಿಸ್ ಇನ್ನೂ ಇದ್ದಾಗ ಅವರೇ ಮಾಡಿದ್ದು. ತಂಡದ ಹೆಸರು ಟೆನ್ ಸಿಸಿ, ಎಲ್‌ಪಿ ‘ಲುಕ್ ಹಿಯರ್’. ಮನೋವೈದ್ಯರ ಕೋಣೆಯಲ್ಲಿ ರೋಗಿಗಳು ಒರಗುವ ಸೋಫಾ ಇರುತ್ತದಲ್ಲ, ಅದರ ಮೇಲೆ ಕುರಿ. ಹಿಂದೆ ಸಮುದ್ರದ ಅಲೆಗಳು. ಇದಕ್ಕಾಗಿ ಹವಾಯಿ ದ್ವೀಪದವರೆಗೂ ಹೋದರು. ಸೋಫಾವನ್ನು ಅಲ್ಲೇ ಮಾಡಿಸಬೇಕಾಯಿತು. ಕುರಿ ಸುಮ್ನೆ ಕೂರಲಿ ಅಂತ ಅದಕ್ಕೆ ಶಾಂತವಾಗಿಸುವ ಔಷಧಿ ಕೊಡಿಸಬೇಕಾಯಿತು. ಅಷ್ಟು ದೂರ ಹೋಗಿ, ಅಷ್ಟು ಖರ್ಚು ಮಾಡಿ ತೆಗೆದ ಫೋಟೋವನ್ನು ಬ್ರಿಟನ್ನಿನ ಕವರಿನಲ್ಲಿ ಹೇಗೆ ಹಾಕಿದರು ಅಂತೀರಿ? ಒಂದು ಪುಟ್ಟ ಚೌಕದಲ್ಲಿ. ಕಣ್ಣಿಗೆ ರಾಚುವ ದಪ್ಪ ಅಕ್ಷರದಲ್ಲಿ ಬರೆದದ್ದು ಬೇರೆಯೇ: ‘ನಿಮ್ಮ ತಲೆ ನೆಟ್ಟಗಿದೆಯಾ?’

ನಮಸ್ಕಾರ.