ಕೋರ್ಸ್ ಮುಗಿಸದೆ ಪಡೆದ ನರ್ಸಿಂಗ್ ಲೈಸೆನ್ಸ್: ಅಮೆರಿಕದಲ್ಲಿ ರಾಜ್ಯ ಬದಲಿಸುವಾಗ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ನರ್ಸ್ ಆಗಿ ದುಡಿಯುತ್ತಿರುವವರಿಗೆ, ಅಲ್ಲಿಗೆ ಹೋಗಲು ತಯಾರಿ ನಡೆಸಿರುವವರಿಗೆ ಇವತ್ತಿನ ಮಾತು. ಕೈಯಲ್ಲಿ ಒಂದು ರಾಜ್ಯದ ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್ ಲೈಸೆನ್ಸ್ ಇದೆ. ಲೈಸೆನ್ಸಿಗಾಗಿ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿದೆ. ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದ ಅನುಭವವೂ ಇದೆ. ಇಲ್ಲದಿರುವುದು ಒಂದೇ, ಆರ್‌ಎನ್ ಕೋರ್ಸನ್ನು ಪೂರ್ತಿ ಮುಗಿಸಿದ ದಾಖಲೆ. ಮನೆಯವರಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿ ಊರು ಬಿಡಬೇಕಾದಾಗ ಈ ಕೊರತೆ ಅಡ್ಡ ಬಂದು ನಿಲ್ಲುತ್ತದೆ.

ಕೋರ್ಸ್ ಮುಗಿಸದೆ ಲೈಸೆನ್ಸ್ ಸಿಗುವುದಾದರೂ ಹೇಗೆ ಎಂದು ಕೇಳಬಹುದು. ಸಿಗುತ್ತದೆ, ಅದೂ ಕಾನೂನಿನ ಪ್ರಕಾರವೇ. ಕ್ಯಾಲಿಫೋರ್ನಿಯಾದಲ್ಲಿ '30 ಯೂನಿಟ್ ಆಪ್ಷನ್' ಎಂಬ ದಾರಿಯಿದೆ. ಆಗಲೇ ಎಲ್‌ವಿಎನ್, ಅಂದರೆ ಲೈಸೆನ್ಸ್ಡ್ ವೊಕೇಶನಲ್ ನರ್ಸ್ ಆಗಿರುವವರು ಹೆಚ್ಚೆಂದರೆ 30 ಸೆಮಿಸ್ಟರ್ ಯೂನಿಟ್ ಅಥವಾ 45 ಕ್ವಾರ್ಟರ್ ಯೂನಿಟ್ ಓದಿದರೆ ಸಾಕು, ಎನ್‌ಕ್ಲೆಕ್ಸ್-ಆರ್‌ಎನ್ ಬರೆಯಬಹುದು. ಫಿಸಿಯಾಲಜಿ, ಮೈಕ್ರೋಬಯಾಲಜಿ, ಮೇಲಿನ ಹಂತದ ಮೆಡಿಕಲ್-ಸರ್ಜಿಕಲ್ ನರ್ಸಿಂಗ್, ಮಾನಸಿಕ ಆರೋಗ್ಯ, ವೃದ್ಧರ ಆರೈಕೆ, ಇಷ್ಟು ವಿಷಯಗಳು. ಪಾಸಾದರೆ ಆ ರಾಜ್ಯದಲ್ಲಿ ಬೇರೆ ಯಾವ ಆರ್‌ಎನ್‌ಗೂ ಕಡಿಮೆಯಿಲ್ಲದ ಲೈಸೆನ್ಸ್. ಆದರೆ ಆರ್‌ಎನ್ ಲೈಸೆನ್ಸ್ ಕೊಡುವ ಅಲ್ಲಿನ ಬೋರ್ಡ್ ಆಫ್ ರಿಜಿಸ್ಟರ್ಡ್ ನರ್ಸಿಂಗ್ ತನ್ನ ಕಡತದಲ್ಲಿ ಇವರನ್ನು 'ನಾನ್-ಗ್ರಾಜುಯೇಟ್' ಎಂದು ನಮೂದಿಸುತ್ತದೆ. ಬೇರೆ ರಾಜ್ಯಗಳಲ್ಲಿ ಈ ಲೈಸೆನ್ಸಿಗೆ ಮಾನ್ಯತೆ ಸಿಗದೇ ಹೋಗಬಹುದು ಎಂದು ಬೋರ್ಡೇ ಎಚ್ಚರಿಸುತ್ತದೆ. ಮುಂದೆ ಪದವಿ ಪಡೆದರೂ ಈ ನಮೂದು ಬದಲಾಗುವುದಿಲ್ಲ ಎಂಬುದನ್ನೂ ಮೊದಲೇ ತಿಳಿಸಿರುತ್ತದೆ. ಕಾಲೇಜಿಗೆ ಸೇರುವ ಸಂಭ್ರಮದಲ್ಲಿ ಈ ಸಾಲುಗಳನ್ನು ಓದದೆ ಸಹಿ ಹಾಕುವವರೇ ಹೆಚ್ಚು.

ಎಲ್‌ವಿಎನ್‌ನಲ್ಲೂ ಇಂಥ ದಾರಿಯೊಂದಿದೆ. ಕ್ಯಾಲಿಫೋರ್ನಿಯಾದಲ್ಲಿ 51 ತಿಂಗಳು ಸಂಬಳಕ್ಕೆ ರೋಗಿಗಳ ಹಾಸಿಗೆ ಪಕ್ಕದ ಶುಶ್ರೂಷೆ ಮಾಡಿ, 54 ಗಂಟೆಗಳ ಫಾರ್ಮಕಾಲಜಿ ಪಾಠ ಮುಗಿಸಿದವರು ನರ್ಸಿಂಗ್ ಶಾಲೆಯ ಮೆಟ್ಟಿಲು ಹತ್ತದೆಯೇ ಎಲ್‌ವಿಎನ್ ಲೈಸೆನ್ಸಿನ ಪರೀಕ್ಷೆಯಾದ ಎನ್‌ಕ್ಲೆಕ್ಸ್-ಪಿಎನ್ ಬರೆಯಬಹುದು. ರಾಜ್ಯದ ಗಡಿ ದಾಟುವಾಗ ಅವರಿಗೂ ಇದೇ ತೊಡಕು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಆರ್‌ಎನ್ ಲೈಸೆನ್ಸಿಗೆ ಬೋರ್ಡುಗಳು ಬ್ಯಾಚುಲರ್ಸ್ ಡಿಗ್ರಿಯೇ ಬೇಕೆಂದು ಕೇಳುವುದಿಲ್ಲ. ಮಾನ್ಯತೆ ಪಡೆದ ನರ್ಸಿಂಗ್ ಕೋರ್ಸನ್ನು ಕೊನೆಯವರೆಗೆ ಓದಿ ಮುಗಿಸಿದ್ದೀರಾ ಎಂಬುದಷ್ಟೇ ಅವುಗಳ ಪ್ರಶ್ನೆ. ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯೂ ನಡೆಯುತ್ತದೆ, ಆಸ್ಪತ್ರೆ ಶಾಲೆಗಳ ಹಳೆಯ ಡಿಪ್ಲೊಮಾವೂ ನಡೆಯುತ್ತದೆ. ನ್ಯೂಯಾರ್ಕ್ ರಾಜ್ಯ 2017ರಲ್ಲಿ ತಂದ ಕಾನೂನು ಹೊಸ ಆರ್‌ಎನ್‌ಗಳು 10 ವರ್ಷದೊಳಗೆ ಬ್ಯಾಚುಲರ್ಸ್ ಪಡೆಯಬೇಕು ಎನ್ನುತ್ತದೆ ನಿಜ, ಆದರೆ ಅದು ಲೈಸೆನ್ಸ್ ಸಿಕ್ಕ ಮೇಲಿನ ಮಾತು. ಆದ್ದರಿಂದ ಡಿಪ್ಲೊಮಾ ಮಾಡಿದವರು 'ನನಗೆ ಡಿಗ್ರಿ ಇಲ್ಲ' ಎಂದು ಗಾಬರಿಯಾಗಬೇಕಿಲ್ಲ. ತೊಂದರೆ ಇರುವುದು ಕೋರ್ಸನ್ನೇ ಪೂರ್ತಿ ಮಾಡದವರಿಗೆ.

ಈಗ ಲೈಸೆನ್ಸ್ ಟ್ರಾನ್ಸ್‌ಫರ್ ಹೇಗೆ ನಡೆಯುತ್ತದೆ ನೋಡೋಣ. ಟ್ರಾನ್ಸ್‌ಫರ್ ಎನ್ನುವುದು ಬಾಯಿಮಾತು. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ನರ್ಸಿಂಗ್ ಲೈಸೆನ್ಸ್ ಎಂಬುದಿಲ್ಲ; ಪ್ರತಿ ರಾಜ್ಯಕ್ಕೂ ಅದರದೇ ಬೋರ್ಡ್, ಅದರದೇ ಕಾಯ್ದೆ. ನೀವು ಹೋಗುವ ರಾಜ್ಯ ನಿಮಗೆ ಹೊಸದಾಗಿಯೇ ಲೈಸೆನ್ಸ್ ಕೊಡುತ್ತದೆ. ಪರೀಕ್ಷೆಯನ್ನು ಮಾತ್ರ ಮತ್ತೆ ಬರೆಸುವುದಿಲ್ಲ. ಇದಕ್ಕೆ 'ಎಂಡೋರ್ಸ್‌ಮೆಂಟ್' ಎನ್ನುತ್ತಾರೆ. ಹೊಸದಾಗಿ ಕೊಡುವುದರಿಂದಲೇ ನಿಮ್ಮ ಓದನ್ನೂ ಹೊಸದಾಗಿ ನೋಡುತ್ತಾರೆ. ಹಳೆಯ ರಾಜ್ಯ ಒಪ್ಪಿದೆ ಎಂಬ ಕಾರಣಕ್ಕೆ ಹೊಸ ರಾಜ್ಯ ಒಪ್ಪಲೇಬೇಕು ಎಂದೇನಿಲ್ಲ.

ಅರ್ಜಿಯ ಜೊತೆ ಮೂರು ಕಡೆಯಿಂದ ಮೂರು ಸಂಗತಿಗಳು ಬೋರ್ಡಿಗೆ ತಲುಪಬೇಕು. ಹಳೆಯ ಲೈಸೆನ್ಸಿನ ವೆರಿಫಿಕೇಷನ್ ಸಾಮಾನ್ಯವಾಗಿ 'ನರ್ಸಿಸ್' ಎಂಬ ವ್ಯವಸ್ಥೆಯ ಮೂಲಕ ಹೋಗುತ್ತದೆ; ಒಂದು ಲೈಸೆನ್ಸಿಗೆ, ಒಂದು ಬೋರ್ಡಿಗೆ 30 ಡಾಲರ್. ನರ್ಸಿಸ್‌ನಲ್ಲಿ ಪುಕ್ಕಟೆಯಾಗಿ ಸಿಗುವ 'ಕ್ವಿಕ್ ಕನ್ಫರ್ಮ್' ವರದಿ ಕೆಲಸ ಕೊಡುವವರು ನೋಡಿಕೊಳ್ಳುವುದಕ್ಕೆ. ಅದನ್ನು ಮುದ್ರಿಸಿ ಅರ್ಜಿಗೆ ಲಗತ್ತಿಸಿದರೆ ಎಂಡೋರ್ಸ್‌ಮೆಂಟಿಗೆ ನಡೆಯುವುದಿಲ್ಲ. ಎರಡನೆಯದು ಬೆರಳಚ್ಚು. ಹಿಂದಿನ ರಾಜ್ಯದಲ್ಲಿ ಕೊಟ್ಟಿದ್ದು ಇಲ್ಲಿ ಲೆಕ್ಕಕ್ಕಿಲ್ಲ, ಮತ್ತೆ ಕೊಡಬೇಕು. ಕಾಗದದ ಕಾರ್ಡಿನಲ್ಲಿ ಕೊಟ್ಟ ಅಚ್ಚು ಮಸುಕಾಗಿದ್ದರೆ ವಾಪಸ್ ಬರುತ್ತದೆ, ಅಲ್ಲಿಗೆ ವಾರಗಳು ಕಳೆದಿರುತ್ತವೆ. ಪದೇಪದೇ ಕೈ ತೊಳೆಯುವ ಕೆಲಸದಲ್ಲಿ ನರ್ಸುಗಳ ಬೆರಳ ಗೆರೆಗಳು ಸವೆದಿರುವುದುಂಟು. ಅಚ್ಚು ಕೊಡುವ ಕೆಲವು ದಿನ ಮೊದಲಿನಿಂದ ಕೈಗೆ ಲೋಷನ್ ಹಚ್ಚುತ್ತಿರಿ, ಕೊಡುವ ಹೊತ್ತಿಗೆ ಮಾತ್ರ ಕೈ ಶುಭ್ರವಾಗಿ ಒಣಗಿರಲಿ.

ಮೂರನೆಯದು ಟ್ರಾನ್ಸ್‌ಕ್ರಿಪ್ಟ್, ಅಂದರೆ ಓದಿದ ಪಾಠಗಳ, ಪಡೆದ ಅಂಕಗಳ ಅಧಿಕೃತ ಪಟ್ಟಿ. ನಮ್ಮ ವಿಷಯ ಇರುವುದು ಇಲ್ಲಿಯೇ. ಶಾಲೆಯ ರಿಜಿಸ್ಟ್ರಾರ್ ಕಚೇರಿ ಇದನ್ನು ನೇರವಾಗಿ ಬೋರ್ಡಿಗೇ ಕಳಿಸಬೇಕು. ಬೋರ್ಡಿನ ಪರಿಶೀಲಕರು ಮೊದಲು ಹುಡುಕುವುದು ನಿಮ್ಮ ಅಂಕಗಳನ್ನಲ್ಲ. ಹಾಳೆಯಲ್ಲಿ 'ಡಿಗ್ರಿ ಕನ್ಫರ್ಡ್', ಅಂದರೆ ಪದವಿ ಕೊಡಲಾಗಿದೆ ಎಂಬ ಸಾಲು, ಅದರ ಪಕ್ಕದಲ್ಲಿ ಕೋರ್ಸಿನ ಹೆಸರು ಮತ್ತು ತಾರೀಖು. 30 ಯೂನಿಟ್ ದಾರಿಯಲ್ಲಿ ಬಂದವರ ಹಾಳೆಯಲ್ಲಿ ಆ ಜಾಗ ಖಾಲಿ. ಕೆಳಗೆ ನಾಲ್ಕಾರು ಪಾಠಗಳು, ಒಳ್ಳೆಯ ಗ್ರೇಡುಗಳು, ಅಷ್ಟೇ. ಖಾಲಿ ಜಾಗ ಕಂಡ ಕೂಡಲೇ ಅರ್ಜಿ ಮಾಮೂಲಿ ಸಾಲಿನಿಂದ ಹೊರಬಿದ್ದು ಶಿಕ್ಷಣ ಪರಿಶೀಲನೆಗೆ ಹೋಗುತ್ತದೆ. ಎಷ್ಟೋ ಸಲ ಕೋರ್ಸ್ ನಿಜವಾಗಿಯೂ ಮುಗಿದಿರುತ್ತದೆ. ಪದವಿಗೆಂದು ಬೇರೆಯಾಗಿ ಅರ್ಜಿ ಹಾಕದೇ ಇದ್ದುದರಿಂದ ಆ ಸಾಲು ಭರ್ತಿಯಾಗಿರುವುದಿಲ್ಲ. ಆದ್ದರಿಂದ ಬೋರ್ಡಿಗೆ ಕಳಿಸುವ ಮುನ್ನ ನಿಮಗೊಂದು ಪ್ರತಿ ತರಿಸಿ ನೋಡಿಕೊಳ್ಳಿ. ರಿಜಿಸ್ಟ್ರಾರ್ ಸರಿಪಡಿಸಬಹುದಾದ ತಪ್ಪೋ, ಓದೇ ಬಾಕಿಯಿದೆಯೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮದುವೆಗೆ ಮುಂಚಿನ ಹೆಸರು ಟ್ರಾನ್ಸ್‌ಕ್ರಿಪ್ಟಿನಲ್ಲಿ, ನಂತರದ ಹೆಸರು ಲೈಸೆನ್ಸಿನಲ್ಲಿ ಇದ್ದರೆ ವಿವಾಹ ಪ್ರಮಾಣಪತ್ರದ ನಕಲನ್ನೂ ಕಳಿಸಬೇಕು.

ಅರ್ಜಿಯಲ್ಲಿ 'ಮಾನ್ಯತೆ ಪಡೆದ ಕೋರ್ಸಿನಿಂದ ಪದವಿ ಪಡೆದಿದ್ದೀರಾ' ಎಂಬ ಪ್ರಶ್ನೆ ಇರುತ್ತದೆ. ಅದಕ್ಕೆ ಹೌದು ಎಂದು ಗುರುತು ಹಾಕುವ ಆಸೆ ಬರಬಹುದು. ದಯವಿಟ್ಟು ಹಾಕಬೇಡಿ. ಓದಿನ ಕೊರತೆಯನ್ನು ಇನ್ನೂ ಓದಿ ತುಂಬಬಹುದು. ಅರ್ಜಿಯಲ್ಲಿ ಸುಳ್ಳು ಬರೆದ ದಾಖಲೆ ಮಾತ್ರ ಹೋದಲ್ಲೆಲ್ಲ ಬೆನ್ನು ಹತ್ತುತ್ತದೆ, ಈಗಿರುವ ಲೈಸೆನ್ಸಿಗೂ ಕುತ್ತು ತರುತ್ತದೆ. ಜನವರಿ 2023ರಲ್ಲಿ ಬಯಲಾದ 'ಆಪರೇಷನ್ ನೈಟಿಂಗೇಲ್' ತನಿಖೆಯಲ್ಲಿ ಫ್ಲಾರಿಡಾದ ಕೆಲವು ಶಾಲೆಗಳಿಂದ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಡಿಪ್ಲೊಮಾಗಳು ಮಾರಾಟವಾಗಿದ್ದವೆಂದು ಅಮೆರಿಕದ ನ್ಯಾಯ ಇಲಾಖೆ ಹೇಳಿತು. ಪ್ರಾಮಾಣಿಕವಾಗಿ ಬೇರೆ ದಾರಿಯಲ್ಲಿ ಬಂದ ನರ್ಸುಗಳಿಗೂ ಆ ವಂಚಕರಿಗೂ ಯಾವ ಸಂಬಂಧವೂ ಇಲ್ಲ. ಆದರೂ ಶಾಲೆಯ ದಾಖಲೆ ಹೊಂದಿಕೆಯಾಗದ ಅರ್ಜಿ ಬಂದರೆ ಅದನ್ನು ಒಂದಕ್ಕೆರಡು ಬಾರಿ ನೋಡಲು ಬೋರ್ಡುಗಳಿಗೆ ಈಗ ಕಾರಣವಿದೆ.

ಕಾಂಪ್ಯಾಕ್ಟ್ ಬಗ್ಗೆ ಕೇಳಿರುತ್ತೀರಿ. ನರ್ಸ್ ಲೈಸೆನ್ಶರ್ ಕಾಂಪ್ಯಾಕ್ಟ್ ರಾಜ್ಯಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದ. ಒಂದು ಮಲ್ಟಿಸ್ಟೇಟ್ ಲೈಸೆನ್ಸ್ ಇದ್ದರೆ ಒಳಗಿರುವ ಎಲ್ಲ ರಾಜ್ಯಗಳಲ್ಲೂ ಕೆಲಸ ಮಾಡಬಹುದು. ಈಗಿನ ರೂಪದ ಒಪ್ಪಂದ ಜಾರಿಗೆ ಬಂದದ್ದು 19 ಜನವರಿ 2018ರಂದು. ಟೆಕ್ಸಸ್, ಫ್ಲಾರಿಡಾ, ಅರಿಜೋನಾ ಅದರಲ್ಲಿವೆ, ಕ್ಯಾಲಿಫೋರ್ನಿಯಾ ಇಲ್ಲ. ಮಲ್ಟಿಸ್ಟೇಟ್ ಲೈಸೆನ್ಸಿಗೆ 11 ಏಕರೂಪದ ಷರತ್ತುಗಳಿದ್ದು, ಮಾನ್ಯ ಕೋರ್ಸ್ ಮುಗಿಸಿರುವುದು ಅವುಗಳಲ್ಲೊಂದು. ಹಾಗಾಗಿ ಯಾವುದಾದರೂ ಕಾಂಪ್ಯಾಕ್ಟ್ ರಾಜ್ಯ ನಿಮ್ಮ ಅನುಭವ ನೋಡಿ ಒಪ್ಪಿದರೂ ಕೈಗೆ ಬರುವುದು ಆ ಒಂದೇ ರಾಜ್ಯಕ್ಕೆ ಸಲ್ಲುವ ಲೈಸೆನ್ಸ್. ಅದನ್ನು ನಂಬಿ ಊರೂರು ಸುತ್ತುವ ಟ್ರಾವೆಲ್ ನರ್ಸಿಂಗ್ ಕರಾರಿಗೆ ಸಹಿ ಹಾಕಬೇಡಿ.

ಕೇಂದ್ರ ಸರ್ಕಾರದ ಆಸ್ಪತ್ರೆಗಳಲ್ಲಿ ಯಾವ ರಾಜ್ಯದ ಲೈಸೆನ್ಸಾದರೂ ನಡೆಯುತ್ತದಲ್ಲ ಎಂಬ ಮಾತೂ ಓಡಾಡುತ್ತದೆ. ನಡೆಯುತ್ತದೆ. ಆದರೆ ಫೆಡರಲ್ ನರ್ಸ್ ಹುದ್ದೆಯ ಅರ್ಹತಾ ನಿಯಮ ಕೂಡ ಮಾನ್ಯ ನರ್ಸಿಂಗ್ ಕೋರ್ಸಿನ ಡಿಗ್ರಿ ಅಥವಾ ಡಿಪ್ಲೊಮಾ ಕೇಳುತ್ತದೆ. ಅಲ್ಲಿಯೂ ಅದೇ ಪ್ರಶ್ನೆ ಎದುರಾಗುತ್ತದೆ. ಸೇನೆಯಲ್ಲಿರುವವರಿಗೆ ಮತ್ತು ಅವರ ಪತಿ ಪತ್ನಿಯರಿಗೆ ಮಾತ್ರ ಬೇರೊಂದು ಬಾಗಿಲಿದೆ. ಸೇನೆಯ ವರ್ಗಾವಣೆ ಆದೇಶದ ಮೇಲೆ ಊರು ಬದಲಿಸಿದಾಗ ಹಳೆಯ ಲೈಸೆನ್ಸನ್ನೇ ಹೊಸ ರಾಜ್ಯ ಮನ್ನಿಸಬೇಕೆಂಬ ಫೆಡರಲ್ ಕಾನೂನು ಜನವರಿ 2023ರಿಂದ ಇದೆ. ಆದೇಶದ ಪ್ರತಿಯೊಂದಿಗೆ ಬೋರ್ಡನ್ನು ಸಂಪರ್ಕಿಸಬೇಕು.

ಉಳಿದವರು ಏನು ಮಾಡಬೇಕು? ಮನೆ ಖಾಲಿ ಮಾಡುವ ಮುನ್ನ, ಅರ್ಜಿಯ ಶುಲ್ಕ ಕಟ್ಟುವ ಮುನ್ನ, ಹೊಸ ರಾಜ್ಯದ ಬೋರ್ಡಿಗೆ ಇಮೇಲ್ ಬರೆಯಿರಿ. ಫೋನಿನಲ್ಲಿ ಗುಮಾಸ್ತರು ಹೇಳಿದ 'ಆಗಬಹುದು' ನಾಳೆ ನಿಮ್ಮ ಬೆಂಬಲಕ್ಕೆ ಬರುವುದಿಲ್ಲ. ಪತ್ರ ಹೀಗಿರಲಿ: 'ನಾನು ಕ್ಯಾಲಿಫೋರ್ನಿಯಾದಲ್ಲಿ 30 ಯೂನಿಟ್ ಆಪ್ಷನ್ ಮೂಲಕ, ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್ ಸೆಕ್ಷನ್ 2736.6ರ ಅಡಿ ಆರ್‌ಎನ್ ಲೈಸೆನ್ಸ್ ಪಡೆದಿದ್ದೇನೆ. ಆರ್‌ಎನ್ ಕೋರ್ಸಿನ ಡಿಗ್ರಿಯಾಗಲಿ ಡಿಪ್ಲೊಮಾ ಆಗಲಿ ನನಗಿಲ್ಲ. ಎಂಡೋರ್ಸ್‌ಮೆಂಟಿಗೆ ನಾನು ಅರ್ಹಳೇ? ಇಲ್ಲವಾದರೆ ಯಾವ ಕೋರ್ಸ್ ಮುಗಿಸಿದರೆ ಅರ್ಹಳಾಗುತ್ತೇನೆ? ಆಗ ನನ್ನ ಹಳೆಯ ಎನ್‌ಕ್ಲೆಕ್ಸ್ ಫಲಿತಾಂಶವನ್ನೇ ಒಪ್ಪುತ್ತೀರಾ?' ಉತ್ತರ ಇಲ್ಲ ಎಂದೇ ಬಂದರೆ ಅರ್ಜಿ ಹಾಕದೆ ನಿಲ್ಲುವುದು ಲೇಸು. ಅರ್ಜಿ ಹಾಕಿ ತಿರಸ್ಕಾರವಾದರೆ, 'ಎಲ್ಲಾದರೂ ನಿಮಗೆ ಲೈಸೆನ್ಸ್ ನಿರಾಕರಿಸಿದ್ದಾರೆಯೇ' ಎಂದು ಮುಂದೆ ಕೇಳುವ ಬೋರ್ಡುಗಳಿಗೆಲ್ಲ ಅದನ್ನು ಹೇಳಿಕೊಳ್ಳಬೇಕಾಗುತ್ತದೆ.

ಇನ್ನು ಓದಿ ಸರಿಪಡಿಸಿಕೊಳ್ಳುವ ಮಾತು. ಆನ್‌ಲೈನಿನಲ್ಲಿ ಆರ್‌ಎನ್-ಟು-ಬಿಎಸ್‌ಎನ್, ಅಂದರೆ ನರ್ಸಿಂಗ್ ಬ್ಯಾಚುಲರ್ಸ್ ಡಿಗ್ರಿ ಕೊಡುವ ಕೋರ್ಸ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಬಹಳ ಜನ ಹಣ ಕಟ್ಟುತ್ತಾರೆ. ಆ ಕೋರ್ಸ್ ಆಗಲೇ ಆರ್‌ಎನ್ ಆದವರಿಗೆಂದು ರೂಪಿಸಿದ್ದು. ಲೈಸೆನ್ಸಿಗೆ ಮುಂಚೆ ಮಾಡಬೇಕಾದ ಪ್ರಸೂತಿ, ಮಕ್ಕಳ ವಾರ್ಡು, ಸರ್ಜಿಕಲ್ ವಾರ್ಡುಗಳ ಕ್ಲಿನಿಕಲ್ ತರಬೇತಿಯನ್ನು ಅದು ಕೊಡುವುದಿಲ್ಲ. ಬೋರ್ಡ್ ಕೇಳುವುದೋ ಅದನ್ನೇ. ಕೆಲವು ಬೋರ್ಡುಗಳು ಬಿಎಸ್‌ಎನ್ ಪದವಿಗೆ ಬೆಲೆ ಕೊಡಬಹುದು, ಆದರೆ ಬರವಣಿಗೆಯಲ್ಲಿ ಒಪ್ಪಿಗೆ ಸಿಗುವವರೆಗೆ ಒಂದು ಡಾಲರನ್ನೂ ಕಟ್ಟಬೇಡಿ. ಖಚಿತವಾದ ದಾರಿ ಎಲ್‌ವಿಎನ್ ಅಥವಾ ಎಲ್‌ಪಿಎನ್ (ಹೆಚ್ಚಿನ ರಾಜ್ಯಗಳಲ್ಲಿ ಎಲ್‌ವಿಎನ್‌ಗೆ ಇರುವ ಹೆಸರು) ಇಂದ ಆರ್‌ಎನ್‌ಗೆ ಹೋಗುವ ಬ್ರಿಡ್ಜ್ ಕೋರ್ಸ್. ಅದು ಅಸೋಸಿಯೇಟ್ ಡಿಗ್ರಿಯೊಂದಿಗೆ ಮುಗಿಯುವಂಥದ್ದಾಗಿರಬೇಕು, ಆ ರಾಜ್ಯದ ಬೋರ್ಡಿನ ಮಾನ್ಯತೆಯೂ ಇರಬೇಕು. ಇಲ್ಲಿ ಇನ್ನೊಂದು ತೊಡಕುಂಟು. ಆಗಲೇ ಆರ್‌ಎನ್ ಆದವರನ್ನು ಇಂಥ ಕೋರ್ಸಿಗೆ ಸೇರಿಸಿಕೊಳ್ಳಲು ಕೆಲವು ಕಾಲೇಜುಗಳು ಹಿಂಜರಿಯುತ್ತವೆ. ಮೊದಲ ಭೇಟಿಯಲ್ಲೇ ವಿಷಯ ಹೇಳಿ ಕೇಳಿಕೊಳ್ಳಿ. ಮುಗಿದ ಮೇಲೆ ಹೊಸ ಕಾಲೇಜಿನ ಟ್ರಾನ್ಸ್‌ಕ್ರಿಪ್ಟನ್ನು ನೇರವಾಗಿ ಹೊಸ ಬೋರ್ಡಿಗೆ ಕಳಿಸಬೇಕು. ಕ್ಯಾಲಿಫೋರ್ನಿಯಾದ ಕಡತ ಹಳೆಯದನ್ನೇ ಹೇಳುತ್ತಿರುತ್ತದೆ.

ಅಲ್ಲಿಯವರೆಗೆ ಹೊಟ್ಟೆಪಾಡು ಹೇಗೆ? ಆರ್‌ಎನ್ ಆದ ಮೇಲೆ ಇನ್ನೇಕೆ ಎಂದು ಹಲವರು ತಮ್ಮ ಎಲ್‌ವಿಎನ್ ಲೈಸೆನ್ಸನ್ನು ನವೀಕರಿಸದೆ ಬಿಟ್ಟುಬಿಡುತ್ತಾರೆ. 30 ಯೂನಿಟ್ ದಾರಿಯಲ್ಲಿ ಬಂದವರು ಖಂಡಿತ ಹಾಗೆ ಮಾಡಬಾರದು. ನೀವು ಎಲ್‌ವಿಎನ್ ಶಾಲೆಯನ್ನು ಪೂರ್ತಿ ಮುಗಿಸಿದ್ದರೆ ಆ ಲೈಸೆನ್ಸಿನ ಹಿಂದೆ ಮಾನ್ಯ ಶಾಲೆಯ ಪ್ರಮಾಣಪತ್ರವಿದೆ. ಅದರ ಮೇಲೆ ಬೇರೆ ರಾಜ್ಯದಲ್ಲಿ ಎಲ್‌ಪಿಎನ್ ಆಗಿ ಎಂಡೋರ್ಸ್‌ಮೆಂಟ್ ಕೇಳಬಹುದು, ಅಲ್ಲಿನ ಬ್ರಿಡ್ಜ್ ಕೋರ್ಸಿಗೂ ಅದೇ ಮೆಟ್ಟಿಲಾಗುತ್ತದೆ. ಸಂಬಳ ಕಡಿಮೆ, ನಿಜ. ಎಲ್‌ಪಿಎನ್ ಆಗಿ ಸೇರಿದ ಮೇಲೆ ಆ ವ್ಯಾಪ್ತಿಯ ಕೆಲಸವನ್ನಷ್ಟೇ ಮಾಡಬೇಕು. ಗೊತ್ತಿದೆ ಎಂದು ಆರ್‌ಎನ್ ಕೆಲಸಕ್ಕೆ ಕೈ ಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ಎರಡೂ ಲೈಸೆನ್ಸುಗಳಿಗೆ ಎರಡು ವರ್ಷಕ್ಕೊಮ್ಮೆ ನವೀಕರಣ, 30 ಗಂಟೆಗಳ ಮುಂದುವರಿಕೆ ಶಿಕ್ಷಣ. ಎಲ್‌ವಿಎನ್ ಬೋರ್ಡು ಬೇರೆ, ಆರ್‌ಎನ್ ಬೋರ್ಡು ಬೇರೆ. ವಿಳಾಸ ಬದಲಾದಾಗ ಎರಡೂ ಕಡೆ ತಿಳಿಸಿ, ಒಂದರ ನವೀಕರಣ ಸೂಚನೆ ಹಳೆಯ ಮನೆಯ ಅಂಚೆಪೆಟ್ಟಿಗೆಯಲ್ಲಿ ಉಳಿದುಹೋಗದಿರಲಿ.

ನಮಸ್ಕಾರ.