ಆಕ್ಟಿವ್ ಫೋಲೇಟ್ ತಗೊಂಡರೆ ಸಾಕಾ? ಬಿ12 ಎಲ್ಲಿ ಹೋಯಿತು?

ನಮಸ್ಕಾರ. ನಿಮ್ಮಲ್ಲಿ ತುಂಬ ಜನ ಇದನ್ನು ಕೇಳುತ್ತಿದ್ದೀರಿ. ಒಂದು ಮಾತ್ರೆ ಡಬ್ಬಿಯ ಮೇಲೆ ‘ಫೋಲಿಕ್ ಆಸಿಡ್’ ಅಂತಿದೆ, ಇನ್ನೊಂದರ ಮೇಲೆ ‘ಎಲ್-ಮೀಥೈಲ್‌ಫೋಲೇಟ್, ಆಕ್ಟಿವ್’ ಅಂತಿದೆ. ಆಕ್ಟಿವ್ ಅಂದಮೇಲೆ ಅದೇ ಒಳ್ಳೆಯದು ಅಲ್ವಾ?

ಮೊದಲ ಪಾಠ ಬೇಗ ಮುಗಿಸೋಣ. ಫೋಲೇಟ್ ಅಂದರೆ ವಿಟಮಿನ್ ಬಿ9. ಸೊಪ್ಪು, ಕಾಳುಗಳಲ್ಲಿ ಇರುತ್ತದೆ. ಫೋಲಿಕ್ ಆಸಿಡ್ ಅದರ ಕೃತಕ ರೂಪ, ಸುಲಭವಾಗಿ ಕೆಡುವುದಿಲ್ಲ. ಏನೇ ತಿಂದರೂ ರಕ್ತದಲ್ಲಿ ಹೆಚ್ಚಾಗಿ ಓಡಾಡುವುದು 5-ಎಂಟಿಎಚ್‌ಎಫ್, ಅಂದರೆ ಮೀಥೈಲ್‌ಫೋಲೇಟ್. ಆಕ್ಟಿವ್ ಅನ್ನುವುದು ಇದನ್ನೇ.

ಈಗ ನನಗೆ ತುಂಬ ಇಷ್ಟವಾದ ಭಾಗ. ಈ ಮೀಥೈಲ್‌ಫೋಲೇಟ್ ಜೀವಕೋಶದೊಳಗೆ ಮಾಡಬಲ್ಲ ಕೆಲಸ ಒಂದೇ. ತನ್ನಲ್ಲಿರುವ ಮೀಥೈಲ್ ಗುಂಪನ್ನು, ಅಂದರೆ ಒಂದು ಕಾರ್ಬನ್, ಮೂರು ಹೈಡ್ರೋಜನ್ ಇರುವ ಪುಟ್ಟ ತುಣುಕನ್ನು, ಬಿ12ಗೆ ಕೊಡಬೇಕು. ಬಿ12 ಅದನ್ನು ಹೋಮೋಸಿಸ್ಟೀನ್ ಎನ್ನುವ ಅಮೈನೊ ಆಸಿಡ್‌ಗೆ ದಾಟಿಸಿ, ಅದನ್ನು ಮೆಥಿಯೋನಿನ್ ಎನ್ನುವ ಇನ್ನೊಂದು ಅಮೈನೊ ಆಸಿಡ್ ಮಾಡುತ್ತದೆ. ಮೀಥೈಲ್ ಇಳಿಸಿದ ಮೇಲೆ ಉಳಿಯುವುದು ಟೆಟ್ರಾಹೈಡ್ರೊಫೋಲೇಟ್. ಡಿಎನ್‌ಎ ಕಟ್ಟುವ ಕೆಲಸಕ್ಕೆ ಬೇಕಾದದ್ದು ಇದು.

ಬಿ12 ಇಲ್ಲದಿದ್ದರೆ? ಮೀಥೈಲ್‌ಫೋಲೇಟ್ ಬಂದ ದಾರಿಯಲ್ಲೇ ವಾಪಸ್ ಹೋಗಲಿ ಅನ್ನಿಸುತ್ತದೆ. ಆಗುವುದಿಲ್ಲ! ಇದನ್ನು ತಯಾರಿಸುವ ಎಂಟಿಎಚ್‌ಎಫ್‌ಆರ್ ಎನ್ನುವ ಎನ್‌ಜೈಮ್ (ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನ್) ನಮ್ಮ ದೇಹದಲ್ಲಿ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಒನ್‌ವೇ ರಸ್ತೆ, ಮುಂದೆ ಬಿ12 ಇಲ್ಲದೆ ಗೇಟ್ ಬಂದ್. ಸಾಮಾನು ತುಂಬಿದ ಲಾರಿಗಳು ಸಾಲಾಗಿ ನಿಂತಿವೆ, ಗೇಟಿನ ಆಚೆ ಸಾಮಾನಿಲ್ಲದೆ ಕೆಲಸ ನಿಂತಿದೆ. ಇದೇ ಮೀಥೈಲ್ ಟ್ರ್ಯಾಪ್. ರಕ್ತ ಪರೀಕ್ಷೆಯಲ್ಲಿ ಫೋಲೇಟ್ ನಾರ್ಮಲ್ ಬರಬಹುದು, ಜಾಸ್ತಿಯೂ ಬರಬಹುದು. ಆದರೂ ಮೂಳೆಮಜ್ಜೆಯ ಕೋಶಗಳು ಸರಿಯಾಗಿ ಒಡೆದು ಎರಡಾಗದೆ ಸುಮ್ನೆ ಊದಿಕೊಳ್ಳುತ್ತವೆ. ಅದು ಮೆಗಲೊಬ್ಲಾಸ್ಟಿಕ್ ರಕ್ತಹೀನತೆ.

ಸಾದಾ ಫೋಲಿಕ್ ಆಸಿಡ್ ಈ ಗೇಟಿನ ಹತ್ತಿರ ಬಾರದೆ ಬೇರೆ ಎನ್‌ಜೈಮಿನಿಂದ ಟೆಟ್ರಾಹೈಡ್ರೊಫೋಲೇಟ್ ಆಗಬಲ್ಲದು. ಹಾಗಾಗಿ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ. ಬಿ12 ಕೊರತೆಯಿಂದ ನರಗಳಿಗೆ ಆಗುವ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಕೈಕಾಲು ಜೋಮು ಹಿಡಿಯುತ್ತಿದೆ, ಸುಸ್ತು ಬಿಡುತ್ತಿಲ್ಲ ಅನ್ನುವವರೇ, ಯಾವ ಫೋಲೇಟ್ ಅಂತ ಹುಡುಕುವ ಮೊದಲು ದಯವಿಟ್ಟು ಬಿ12 ಪರೀಕ್ಷೆ ಮಾಡಿಸಿ.

ಸಮಯ ಆಗುತ್ತಿದೆ, ಉಳಿದದ್ದು ಚುಟುಕಾಗಿ. “ನನ್ನ ಜೀನ್ ಸರಿಯಿಲ್ಲ, ಫೋಲಿಕ್ ಆಸಿಡ್ ಕೆಲಸ ಮಾಡಲ್ಲ” ಅನ್ನುವ ಭಯ ಹಲವರಿಗಿದೆ. ಎಂಟಿಎಚ್‌ಎಫ್‌ಆರ್ ಜೀನಿನಲ್ಲಿ ಸಿ677ಟಿ ಬದಲಾವಣೆ ಅಪ್ಪ, ಅಮ್ಮ ಇಬ್ಬರಿಂದಲೂ ಬಂದಿದ್ದರೆ ಆ ಎನ್‌ಜೈಮ್ ನಿಧಾನ, ನಿಜ. ಆದರೆ ಬೇರೆಯವರಷ್ಟೇ ಫೋಲಿಕ್ ಆಸಿಡ್ ತಗೊಂಡಾಗ ಇವರ ರಕ್ತದ ಫೋಲೇಟ್ ಅವರಿಗಿಂತ ಸುಮಾರು ಶೇ. 16 ಕಡಿಮೆ, ಅಷ್ಟೇ. ಇವರಿಗೂ ಫೋಲಿಕ್ ಆಸಿಡ್ ಕೆಲಸ ಮಾಡುತ್ತದೆ.

ಗರ್ಭಿಣಿಯರ ವಿಷಯ ಇನ್ನೂ ಮುಖ್ಯ. ಮಗುವಿನ ಮೆದುಳು, ಬೆನ್ನುಹುರಿ ಆಗಬೇಕಾದ ನರನಾಳ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಬೇಕು. ಎಷ್ಟೋ ಜನರಿಗೆ ಆಗಿನ್ನೂ ಗರ್ಭದ ವಿಷಯವೇ ಗೊತ್ತಿರುವುದಿಲ್ಲ. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಿಂದೆ ನರನಾಳ ಸರಿಯಾಗಿ ಮುಚ್ಚದ ದೋಷದ ಗರ್ಭ ಕಂಡಿದ್ದ ತಾಯಂದಿರಲ್ಲಿ ಅದು ಮರುಕಳಿಸುವುದು ಶೇ. 72ರಷ್ಟು ತಗ್ಗಿತು. ಅಲ್ಲಿ ಕೊಟ್ಟದ್ದು ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್. ಮೀಥೈಲ್‌ಫೋಲೇಟ್‌ಗೆ ಅಂಥ ಸಾಕ್ಷಿ ಇಲ್ಲ. ಮಗು ಬೇಕು ಅಂದುಕೊಂಡವರು ಮುಂಚಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಶುರು ಮಾಡಿ. ಹಿಂದೆ ಇಂಥ ತೊಂದರೆ ಆಗಿದ್ದರೆ ಅಥವಾ ಫಿಟ್ಸ್ ಮಾತ್ರೆ ನುಂಗುತ್ತಿದ್ದರೆ ಎಷ್ಟು ಬೇಕು ಅಂತ ಡಾಕ್ಟರನ್ನೇ ಕೇಳಿ.